ನಮ್ಮ ರಾಕ್ಷಸರಿಗೆಲ್ಲ ಒಂದೇ ಮುಖ

ನಿವೃತ್ತಿಯ ದಿನ ನನಗೆ ಶಾಲು ಹೊದಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು, "ಬಾಯಾರು ಅಪಾರ ಸೇವೆ ಸಲ್ಲಿಸಿದ್ದಾರೆ" ಎಂದು ಭಾಷಣ ಮಾಡಿದರು. (ನಮ್ಮ ಕಡೆ ಓದಿದ ಹೆಂಗಸರನ್ನು ಗೌರವದಿಂದ ಬಾಯಾರು ಎನ್ನುತ್ತಾರೆ.) ಎಂಥ ಸೇವೆ ಎಂದು ಮಾತ್ರ ಒಬ್ಬರೂ ಬಾಯಿ ಬಿಡಲಿಲ್ಲ. ಹೇಗೆ ಬಿಟ್ಟಾರು? ನಾನು ಇಷ್ಟು ವರ್ಷ ಮಾಡಿದ್ದು ಕೆಟ್ಟ ಜನರನ್ನು ಹುಟ್ಟಿಸುವ ಕೆಲಸ. ಒಬ್ಬಿಬ್ಬರನ್ನಲ್ಲ, ಇಡೀ ಕುಲಗಳನ್ನೇ. ಅವರ ಊರು, ಉಡುಪು, ಹಬ್ಬ, ಬೈಗುಳ, ಸತ್ತವರನ್ನು ಕಳಿಸಿಕೊಡುವ ರೀತಿ, ಎಲ್ಲವನ್ನೂ ಕೂತು ಬರೆದೆ. ಆಮೇಲೆ ಮಂದಿಯ ಮಕ್ಕಳು ಅವರನ್ನು ಕೊಚ್ಚಿ ಹಾಕಿದರು. ಅದಕ್ಕೇ ನನಗೆ ಸಂಬಳ ಬರುತ್ತಿತ್ತು.

ಗೊತ್ತಿಲ್ಲದವರಿಗೆ ಆಟದ ಬಗ್ಗೆ ಎರಡು ಮಾತು. ಇಂಗ್ಲಿಷಿನವರು ಇದಕ್ಕೆ ಫ್ಯಾಂಟಸಿ ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ನಾವು ಕಥೆಯಾಟ ಎಂದೆವು. ಡಬ್ಬಿಯೊಳಗೆ ಒಂದು ಪುಸ್ತಕ, ನಕ್ಷೆ, ದಾಳ, ಒಂದಿಷ್ಟು ಚಿತ್ರಗಳು ಇರುತ್ತವೆ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ವೀರ, ವೈದ್ಯ, ಮಾಟಗಾತಿ ಎಂದು ಒಂದೊಂದು ಪಾತ್ರ ಹಿಡಿದು, ಏನು ಮಾಡುತ್ತೇವೆಂದು ಬಾಯಲ್ಲಿ ಹೇಳಿ, ದಾಳ ಉರುಳಿಸುತ್ತಾರೆ. ದಾಳ ಒಲಿದರೆ ಕೆಲಸ ಆಯಿತು, ಒಲಿಯದಿದ್ದರೆ ಕೈ ಮುರಿಯಿತು. ವೀರರಾದ ಮೇಲೆ ಹೊಡೆಯಲಿಕ್ಕೆ ಯಾರಾದರೂ ಬೇಕಲ್ಲ, ಆ ಯಾರಾದರೂ ಎಂಬವರು ನನ್ನ ವಿಭಾಗ.

ಈಗ ನನ್ನ ಕುರ್ಚಿಗೆ ರಾಯಬಾಗದ ಹುಡುಗಿಯೊಬ್ಬಳು ಬಂದಿದ್ದಾಳೆ. ಮೊನ್ನೆ ಚಿಕ್ಕೋಡಿಯ ನನ್ನ ಮನೆ ಹುಡುಕಿಕೊಂಡು ಬಂದು, "ಬಾಯಾರ, ಒಂದ ಕೆಟ್ಟ ಜನಾಂಗ ಬರೀಬೇಕಾದ್ರ ಎಲ್ಲಿಂದ ಸುರು ಮಾಡಬೇಕ್ರಿ?" ಎಂದು ಕೇಳಿದಳು. ಮೊದಲು ಚಹಾ ಕುಡಿ ಎಂದೆ. ಅವಳಿಗೂ, ಅವಳ ಹಿಂದೆ ಬರುವವರಿಗೂ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು ಎಂಬುದು ಇಲ್ಲಿಲ್ಲ. ಇರುವುದು ನಮ್ಮ ಚಿತ್ರಗಾರ ದಸ್ತಗೀರನ ಮುಖದ ಕಥೆ. ಅದು ನಮ್ಮ ಕೈಗೆ ಹೇಗೆ ಸಿಕ್ಕಿತು, ಹೇಗೆ ಹೋಗುವುದರಲ್ಲಿತ್ತು, ಅಷ್ಟನ್ನು ತಿಳಿದುಕೊಂಡರೆ ಈ ಕೆಲಸ ಬಂದ ಹಾಗೆಯೇ.

ನಿಪ್ಪಾಣಿಯಲ್ಲಿ ಅಣ್ಣಾಸಾಹೇಬರ ಪ್ರೆಸ್ಸು ಇತ್ತು. ತಂಬಾಕಿನ ಚೀಟಿ, ಬೀಡಿಯ ಲೇಬಲ್ಲು, ಲಗ್ನಪತ್ರಿಕೆ ಛಾಪಿಸುವ ಪ್ರೆಸ್ಸು. ಕನ್ನಡ, ಮರಾಠಿ ಎರಡೂ ಬರುತ್ತವೆಂದು ನನ್ನನ್ನು ಕರಡು ತಿದ್ದಲು ಇಟ್ಟುಕೊಂಡಿದ್ದರು. ಮಾಲಕರು ಒಮ್ಮೆ ಪುಣೆಗೆ ಹೋದವರು, ಬೀಗರ ಮನೆಯಲ್ಲಿ ಹುಡುಗರು ಇಂಗ್ಲಿಷ್ ಡಬ್ಬಿಯೊಂದರ ಸುತ್ತ ಊಟ ಮರೆತು ಕೂತದ್ದನ್ನು ನೋಡಿಕೊಂಡು ಬಂದರು. ಬಂದವರೇ ನನ್ನನ್ನು ಕರೆದರು.

"ಬಾಯಾರ, ನಾವೂ ಇಂಥಾದೊಂದು ಮಾಡೂನು. ಕೆಟ್ಟ ಮಂದೀನ್ನ ನೀವ ಬರೀರಿ."

"ನಾನ ಯಾಕ್ರಿ ಮಾಲಕರ?"

"ನಿಮಗ ಸಿಟ್ಟ ಲಗೂನ ಬರತೈತಿ, ಅದಕ್ಕ."

ಅರ್ಹತೆ ಎಂದರೆ ಅದು. ಕೆಟ್ಟ ಜನ ಹೇಗಿರಬೇಕು ಎಂದು ಕೇಳಿದ್ದಕ್ಕೆ ಅವರ ಬಳಿ ಉತ್ತರ ತಯಾರಿತ್ತು. "ಅದ್ರಾಗೇನ ದೊಡ್ಡ ಮಾತೈತ್ರಿ? ಕರ್ರಗ ಇರಬೇಕು. ಹಸೀ ಮಾಂಸಾ ತಿನ್ನಬೇಕು. ನಗಾರಿ ಬಾರಸಬೇಕು. ಮತ್ತ ಸುಮ್ಮಸುಮ್ಮನ ಹಹಹಾ ಅಂತ ನಗಬೇಕು."

"ಸುಮ್ಮಸುಮ್ಮನ ಯಾಕ ನಗ್ತಾರ್ರಿ?"

"ಕೆಟ್ಟವ್ರ ಅಲ್ಲೇನ್ರಿ?"

ಮಾಲಕರ ಮೈಬಣ್ಣ ನಮ್ಮ ಸೀಮೆಯ ಎರೆಮಣ್ಣಿನದೇ. ರವಿವಾರ ಮಟನ್ ಇಲ್ಲದಿದ್ದರೆ ಅವರ ಮನೆಯಲ್ಲಿ ಪಾತ್ರೆ ಹಾರುತ್ತಿದ್ದವು. ನಗು ಬಂದರೆ ಹಹಹಾ ಎಂದೇ ನಗುತ್ತಿದ್ದರು. ನಾನು ಎದುರು ಕೂತು ನೋಡಿ ನೋಡಿ ಬರೆದೆ. ಓದಿ ನೋಡಿ, "ಎಷ್ಟ ಭಯಂಕರ ಬರದೀರಿ!" ಎಂದು ಮೆಚ್ಚಿಕೊಂಡರು. ಈ ಕೆಲಸದಲ್ಲಿ ಮೊದಲು ಕಲಿಯಬೇಕಾದದ್ದು ಇದೇ: ಮೇಲಿನವರು ಕೆಟ್ಟವರನ್ನು ಬಣ್ಣಿಸುವಾಗ ನಗಬಾರದು.

ಬರೆದಾಯಿತು, ಚಿತ್ರ ಬೇಕಲ್ಲ. ಅಥಣಿಯಿಂದ ದಸ್ತಗೀರ್ ಪೇಂಟರ ಬಂದ. ಅಂಗಡಿಯ ಬೋರ್ಡು, ಲಾರಿಯ ಹಿಂಭಾಗ ಬರೆಯುತ್ತಿದ್ದವನು. ಅವನದೊಂದು ಹಟ. ಮುಖವನ್ನು ಮನಸ್ಸಿನಿಂದ ತೆಗೆಯಬಾರದು, ಯಾರಾದರೂ ಎದುರು ಕೂರಬೇಕು, ಕೂರುವವರನ್ನು ಕೇಳಿ ಕೂರಿಸಬೇಕು, ಕೂತವರಿಗೆ ಚಹಾ ಕೊಡಬೇಕು. ಅವನ ಉಸ್ತಾದ ಕಲಿಸಿದ ಕಾಯದೆ. "ತಲಿಯಾಗಿಂದ ತಗದ ಮಾರಿ ಸುಣ್ಣಾ ಬಳದ ಗ್ವಾಡಿ ಇದ್ದಂಗ್ರಿ ಬಾಯಾರ," ಎನ್ನುತ್ತಿದ್ದ.

ವೀರರ ಚಿತ್ರಕ್ಕೆ ಕೂರಲು ನೂಕುನುಗ್ಗಲು. ಕಾರಕೂನರು ಪೌಡರ್ ಹಚ್ಚಿಕೊಂಡು ಬಂದರು. ಮಾಲಕರ ಮಗ ಸತೀಶ, ಆಗ ಚಡ್ಡಿ ಹಾಕುತ್ತಿದ್ದವನು, ರಾಜಕುಮಾರನಾದ. ರಾಕ್ಷಸನಾಗಲು ಮಾತ್ರ ಒಬ್ಬನೂ ಇಲ್ಲ. ಕೊನೆಗೆ ಪ್ರೆಸ್ಸಿನ ಜವಾನ ಭೀಮಪ್ಪ ಚಹಾದ ಜೊತೆ ಭಜಿಯ ಆಸೆಗೆ ಒಪ್ಪಿದ. ಅರ್ಧ ಮೂಗು ಬಂದಿತ್ತು, ಅಷ್ಟರಲ್ಲಿ ಅವನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಂದಳು. "ನನ್ನ ಗಂಡನ್ನ ರಾಕ್ಷಸ ಮಾಡ್ತೀರೇನ? ನಾಳೆ ನನ್ನ ಮಕ್ಕಳಿಗಿ ಯಾರ ಹೆಣ್ಣ ಕೊಡ್ತಾರ?" ಎಂದು ಭೀಮಪ್ಪನ ತೋಳು ಹಿಡಿದು ಎಬ್ಬಿಸಿಕೊಂಡು ಹೋದಳು. ಅವನ ಕೈಯಲ್ಲಿ ಭಜಿ ಹಾಗೇ ಇತ್ತು.

ದಸ್ತಗೀರ ದಾಡಿ ಮಾಡುವ ಕನ್ನಡಿಯನ್ನು ಕಿಟಕಿಯ ಮೊಳೆಗೆ ತೂಗುಹಾಕಿದ. "ನಂದ ಒಂದ ಮಾರಿ ಐತಿ ಅಲ್ರಿ. ಕೇಳಬೇಕಾದಾಂವಾ ನಾನ, ಹೂಂ ಅನ್ನಾಂವನೂ ನಾನ," ಎಂದು ಅದರೊಳಗೆ ನೋಡುತ್ತ ಬರೆಯತೊಡಗಿದ.

ಅವನ ಮುಖ ಹೇಗಿತ್ತೆಂದರೆ, ಅಗಲ ಮೂಗು, ದಪ್ಪ ಮೀಸೆ, ಚಿಕ್ಕಂದಿನಲ್ಲಿ ಬಿದ್ದು ಸೀಳಿದ ಒಂದು ಹುಬ್ಬು. ಇಷ್ಟಾದರೂ ಸಾಲದು. ಸಿಟ್ಟಿನ ಮೋರೆ ಮಾಡಿಕೊಂಡು ಕನ್ನಡಿ ನೋಡಿದರೆ ಅವನಿಗೆ ನಗು ಬರುತ್ತಿತ್ತು. ಹಾಗಾಗಿ ನಮ್ಮ ಮೊದಲ ರಾಕ್ಷಸ ಕೊಡಲಿ ಎತ್ತಿಕೊಂಡಿದ್ದರೂ ಕಣ್ಣಲ್ಲಿ ನಗುತ್ತಿದ್ದ. ಮಾಲಕರು ಚಿತ್ರ ಹಿಡಿದು ತಿರುಗಿಸಿ ನೋಡಿದರು. "ಇಂವಾ ಹೆದರಸಾಕತ್ತಾನೋ, ಚಹಾಕ್ಕ ಕರ್‍ಯಾಕತ್ತಾನೋ?" ಎಂದರು. ಆದರೂ ಬೇರೆ ಮುಖ ಇಲ್ಲದ್ದಕ್ಕೆ ಅದೇ ಛಾಪಾಯಿತು. ಮುಂದೆ ಎಷ್ಟು ಕೆಟ್ಟ ಕುಲಗಳನ್ನು ನಾನು ಬರೆದೆನೋ, ಕೋಡು, ಬಾಲ, ಮೂರು ಕಣ್ಣು ಏನೇ ಇರಲಿ, ಮುಖ ದಸ್ತಗೀರನದೇ. ನಿಪ್ಪಾಣಿಯ ಸಂತೆಯಲ್ಲಿ ಹುಡುಗರು ಅವನನ್ನು ಕಂಡು "ರಾಕ್ಷಸ ಮಾಮಾ!" ಎಂದು ಕೂಗಿದರೆ, ಅವನು ಬದನೆಕಾಯಿ ಎತ್ತಿ ಹೆದರಿಸಿ ಮುಂದೆ ಹೋಗುತ್ತಿದ್ದ.

ತೊಡಕು ಇದ್ದದ್ದು ಅಥಣಿಯಲ್ಲಿ. ಅವನ ಅಪ್ಪ ಮೌಲಾಸಾಬ, ಎಲ್ಲರಿಗೂ ಮೌಲಾಚಾಚಾ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿ ಮಗನನ್ನು ಬೆಳೆಸಿದವರು. ಓದು ಬಾರದು. ಮೊದಲ ಡಬ್ಬಿ ಮನೆಗೆ ಒಯ್ದಾಗ ಅವರು ಮುಚ್ಚಳ ನೋಡಿದರು. ಮಗ ಕಂಡ, ತಲೆಯ ಮೇಲೆ ಕಿರೀಟದಂಥದ್ದು ಕಂಡಿತು. (ಅದು ಕೋಡಾಗಿತ್ತು.)

ಸೋಮವಾರ ಬಂದ ದಸ್ತಗೀರ ನನ್ನ ಮುಂದೆ ತಲೆ ಕೆರೆದುಕೊಂಡು ನಿಂತ. "ಬಾಯಾರ, ಅಪ್ಪಾ ನನ್ನ ರಾಜಾ ಅಂತ ತಿಳಕೊಂಡಾನ್ರಿ. ಓಣ್ಯಾಗ ಎಲ್ಲಾರ್‍ನೂ ಕರದು ತೋರಿಸಿದಾ. 'ನೋಡ್ರಿ, ನನ್ನ ಮಗಾ ರಾಜಾ ಆಗ್ಯಾನ' ಅಂದಾ."

"ನೀ ಏನಂದಿ?"

"ಹೂಂ ಅಂದೆ. ಮತ್ತೇನ ಅನ್ಲಿ? ಇಷ್ಟ ವರ್ಷಕ್ಕ ಮೊದಲ ಸಲಾ ನನ್ನ ಸಲುವಾಗಿ ಎದಿ ಉಬ್ಬಿಸಿ ನಿಂತಿದ್ದಾ."

ಓಣಿಯಲ್ಲಿ ಓದು ಬರುವವರಿಗೆಲ್ಲ ಅದು ರಾಕ್ಷಸ ಎಂದು ಗೊತ್ತು. ಒಬ್ಬರಾದರೂ ಹೇಳಬೇಕಲ್ಲ! ಇಲ್ಲ, "ಹೌದ್ ಚಾಚಾ, ಭಾರಿ ರಾಜಾ" ಎಂದು ತಲೆಯಾಡಿಸಿ ಹೋದರು. ಆಮೇಲೆ ಪ್ರತಿ ಹೊಸ ಡಬ್ಬಿಯೂ ಚಾಚಾನ ಕಪಾಟು ಸೇರಿತು. ಅಪ್ಪನಿಗೆ ಗೊತ್ತಾಗಬಾರದು, ಇದೊಂದೇ ದಸ್ತಗೀರನ ಚಿಂತೆಯಾಯಿತು. ಅವನ ಚಿಂತೆ ನನ್ನದೂ ಆಯಿತು, ಏಕೆಂದರೆ ರಾಕ್ಷಸರನ್ನು ಬರೆಯುತ್ತಿದ್ದವಳು ನಾನು.

ಇನ್ನು ನಮ್ಮ ಪ್ರೆಸ್ಸಿನ ಮಹಾ ಬುದ್ಧಿವಂತಿಕೆ ಕೇಳಿ. ಮಾಲಕರಿಗೆ ಒಂದೇ ಆಟವನ್ನು ಕನ್ನಡ, ಮರಾಠಿ ಎರಡರಲ್ಲೂ ತರುವ ಯೋಚನೆ ಬಂತು. ಕೆಟ್ಟವರು ನದಿಯ ಆಚೆ ದಂಡೆಯವರು. ಕನ್ನಡ ಡಬ್ಬಿಯಲ್ಲಿ ಅವರು ಬಡಗಣ ದಂಡೆಯವರು, ಮರಾಠಿ ಡಬ್ಬಿಯಲ್ಲಿ ತೆಂಕಣ ದಂಡೆಯವರು. "ಯಾವ ಕಡಿ ಮಂದೀಗಿ ಬ್ಯಾಸರಾ ಆಗಬಾರದು ನೋಡ್ರಿ," ಎಂದರು. ಇದನ್ನು ಅವರು ನನಗೆ ಕನ್ನಡದಲ್ಲಿ ಹೇಳಿ, ಅದೇ ಉಸಿರಿನಲ್ಲಿ ಒಳಗಿದ್ದ ಹೆಂಡತಿಗೆ ಮರಾಠಿಯಲ್ಲಿ ಚಹಾ ತರಲು ಹೇಳಿದರು.

ಎರಡು ದಂಡೆಗಳ ಆಚಾರದಲ್ಲಿ ವ್ಯತ್ಯಾಸ ತೋರಿಸಿ ಎಂದು ಹುಕುಂ. ಹುಡುಕಿದೆ, ಹುಡುಕಿದೆ, ಸಿಗಲೇ ಇಲ್ಲ. ಇಲ್ಲಿಯೂ ಜೋಳದ ರೊಟ್ಟಿ, ಅಲ್ಲಿಯೂ ಜೋಳದ ಭಾಕರಿ. ಇಲ್ಲಿಯೂ ಕಬ್ಬು, ಅಲ್ಲಿಯೂ ಕಬ್ಬು. ಮಾವನ ಮುಂದೆ ಸೆರಗು ಎಳೆದುಕೊಳ್ಳುವುದೂ ಒಂದೇ, ಹಿಂದೆ ಅವನನ್ನು ಬೈಯುವುದೂ ಒಂದೇ. ಕಡೆಗೆ ರೋಸಿಹೋಗಿ ಎತ್ತಿನ ಕೋಡಿಗೆ ಕೈ ಹಾಕಿದೆ. ಕನ್ನಡ ಡಬ್ಬಿಯಲ್ಲಿ ಒಳ್ಳೆಯವರ ಎತ್ತಿನ ಕೋಡು ಕೆಂಪು, ಕೆಟ್ಟವರದು ನೀಲಿ. ಮರಾಠಿಯಲ್ಲಿ ಅದನ್ನೇ ತಿರುಗಿಸಿದೆ. ಕೋಡು ನೋಡಿ ವೈರಿಯನ್ನು ಗುರುತಿಸಬೇಕು ಎಂದು ನಿಯಮ ಬರೆದೆ. ಎಲ್ಲರೂ ಭೇಷ್ ಎಂದರು.

ಒಂದೇ ಮನೆಯವರು ಎರಡೂ ಡಬ್ಬಿ ಕೊಳ್ಳಬಹುದು ಎಂದು ಪ್ರೆಸ್ಸಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮನೆಮನೆಯಲ್ಲಿ ಎರಡು ಭಾಷೆ ಇರುವ ಸೀಮೆಯಲ್ಲಿ ಕೂತು ಇಂಥ ತಪ್ಪು ಮಾಡಲು ನಮ್ಮಂಥವರೇ ಆಗಬೇಕು. ಕಾಗವಾಡದ ಅಜ್ಜಿಯೊಬ್ಬಳು ಎರಡೂ ಡಬ್ಬಿಗಳನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಪ್ರೆಸ್ಸಿಗೇ ಬಂದಳು.

"ಇವನ್ನ ಬರದಾವ್ರ ಯಾರು?"

ಮಾಲಕರು ಕೂಡಲೇ ನನ್ನನ್ನು ತೋರಿಸಿದರು. ಧೈರ್ಯವಂತರು.

"ಏನವ್ವಾ, ನನ್ನ ಮೊಮ್ಮಗಾ ಕನ್ನಡ ಸಾಲಿ. ಸೊಸಿ ಮಿರಜ ಕಡ್ಯಾಕಿ, ಮರಾಠಿ ಓದ್ತಾಳ. ಇದ್ರಾಗ ನೋಡಿದ್ರ ಅಕಿ ರಾಕ್ಷಸಿ, ಅದ್ರಾಗ ನೋಡಿದ್ರ ನಾ ರಾಕ್ಷಸಿ. ಇರ್ಲಿ, ಅದನ್ನ ನಾವ ಮನ್ಯಾಗ ಬಗಿಹರಿಸ್ಕೋತೀವಿ, ಹೊಸಾದೇನಲ್ಲ. ನಮ್ಮ ಎತ್ತಿನ ಒಂದ ಕೋಡಿಗಿ ನಾ ಕೆಂಪ ಹಚ್ಚತೀನಿ, ಇನ್ನೊಂದಕ್ಕ ಸೊಸಿ ನೀಲಿ ಹಚ್ಚತಾಳ. ಈಗ ಆ ಎತ್ತ ಯಾವ ಕಡೀದು, ಹೇಳ?"

ನಾನು ನನ್ನದೇ ನಿಯಮದ ಪುಸ್ತಕ ತಿರುವಿ ಹುಡುಕತೊಡಗಿದೆ. ಅಷ್ಟರಲ್ಲಿ ದಸ್ತಗೀರ ಬಣ್ಣದ ಡಬರಿ ಹಿಡಿದುಕೊಂಡು ಒಳಗೆ ಬಂದ. ಅಜ್ಜಿ ಅವನನ್ನು ನೋಡಿದಳು, ಒಂದು ಮುಚ್ಚಳ ನೋಡಿದಳು, ಇನ್ನೊಂದು ಮುಚ್ಚಳ ನೋಡಿದಳು. "ಅಯ್ಯ ಶಿವನ! ಇಂವಾ ಎರಡೂ ಕಡೆ ಅದಾನಲ್ಲ!" ಎಂದಳು. ಕಡೆಗೆ ಚೀಲದಿಂದ ಶೇಂಗಾ ಹೋಳಿಗೆ ತೆಗೆದು ಅವನ ಕೈಗಿಟ್ಟಳು. "ನಮ್ಮಿಬ್ಬರ ಪಾಲಿಂದೂ ನೀ ಒಬ್ಬನ ಹೊತ್ತೀಯಲ್ಲೋ ಯಪ್ಪಾ, ತಿನ್ನ," ಎಂದಳು. ಕೆಟ್ಟವನಾಗಿದ್ದಕ್ಕೆ ಅವನಿಗೆ ಸಿಕ್ಕ ದೊಡ್ಡ ಮರ್ಯಾದೆ ಅದೊಂದೇ. ಪ್ರೆಸ್ಸಿನವರು ಶಾಲನ್ನೂ ಹೊದಿಸಲಿಲ್ಲ.

ನಾನು ಕೆಲಸ ಕಲಿತದ್ದು ಅಲ್ಲಿಂದ ಮುಂದೆ. ಪ್ರತಿ ಆಟವನ್ನೂ ಛಾಪಿಸುವ ಮೊದಲು ಹಾರೂಗೇರಿಯಲ್ಲಿ ಆಡಿಸಿ ನೋಡುತ್ತಿದ್ದೆವು. ಕಿರಾಣಿ ಅಂಗಡಿಯ ಚನ್ನಪ್ಪ, ಅವನ ಗೆಳೆಯರು ರವಿವಾರ ಅಂಗಡಿಯ ಮಾಳಿಗೆಯ ಮೇಲೆ ಕೂರುತ್ತಿದ್ದರು. ಕಥೆ ನಡೆಸುವವಳು ನಾನು. ಚನ್ನಪ್ಪ ಪ್ರತಿ ಸಲ ಮಹಾವೀರ. ತಕ್ಕಡಿಯ ಮುಂದೆ ಎಷ್ಟು ಮೆತ್ತಗಿದ್ದಾನೋ ಆಟದಲ್ಲಿ ಅಷ್ಟೇ ರಕ್ತಪಿಪಾಸು.

ಒಂದು ರವಿವಾರ ವೀರರು ಕತ್ತಿ ಹಿರಿದು ಕೆಟ್ಟವರ ಬಿಡಾರಕ್ಕೆ ನುಗ್ಗಬೇಕಿತ್ತು. ಬಿಡಾರ ಹೇಗಿದೆ ಎಂದು ನಾನು ಬಣ್ಣಿಸಬೇಕು. ಬರೆದುಕೊಂಡು ಹೋಗಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ. ಒಲೆ ಉರಿಯುತ್ತಿದೆ, ಒಬ್ಬ ಹೆಂಗಸು ರೊಟ್ಟಿ ಬಡಿಯುತ್ತಿದ್ದಾಳೆ, ಪಕ್ಕದಲ್ಲಿ ಬೆಳ್ಳುಳ್ಳಿ ಖಾರ ಕುಟ್ಟಿಟ್ಟಿದೆ, ಅವಳು ತಿರುಗಿ ನೋಡಿ, "ಕತ್ತಿ ಹೊರಗಿಟ್ಟು ಕಾಲ ತೊಳಕೊಂಡ ಒಳಗ ಬರ್ರಿ" ಎಂದು ಗದರುತ್ತಾಳೆ.

ಮಹಾವೀರ ಚನ್ನಪ್ಪ ದಾಳ ಕೈಯಲ್ಲಿ ಹಿಡಿದು ಒದ್ದಾಡಿದ. "ಬಾಯಾರ, ನಾ ಕತ್ತಿ ಹೊರಗಿಡತೀನ್ರಿ," ಎಂದ.

"ಯುದ್ಧ?"

"ಊಟಕ್ಕ ಕುಂತಾವ್ರನ್ನ ಹ್ಯಾಂಗ್ ಹೊಡೀಲ್ರಿ? ರೊಟ್ಟಿ ಬ್ಯಾರೆ ಬಿಸಿ ಐತಿ."

ಆಟ ಮುಗಿಯುವಷ್ಟರಲ್ಲಿ ವೀರರು ರಾಕ್ಷಸರ ಜೊತೆ ಎಮ್ಮೆ ವ್ಯಾಪಾರ ಕುದುರಿಸುತ್ತಿದ್ದರು. ಸುದ್ದಿ ಕೇಳಿ ಮಾಲಕರು ಕುರ್ಚಿಯಿಂದ ಎದ್ದರು. "ಯುದ್ಧಾ ಇಲ್ಲದ ಡಬ್ಬಿ ಯಾವ ಮಗಾ ತಗೋತಾನ್ರಿ? ಆ ಹೆಂಗಸನ್ನ ತಗದ ಹಾಕ್ರಿ!" ನನಗೂ ಸಿಟ್ಟು ಬಂತು. ಆಕೆಯನ್ನು ತೆಗೆದರೆ ನನ್ನನ್ನೂ ತೆಗೆಯಿರಿ ಎಂದೆ. ಎರಡು ಭಾಷೆಯ ಕರಡು ತಿದ್ದುವವರು ಬೇರೆ ಯಾರೂ ಸಿಗದ್ದರಿಂದ ಹೆಂಗಸು ಉಳಿದಳು. ಮುಚ್ಚಳದ ಮೇಲೆ ಕೊಡಲಿ ಇರಲಿ, ಒಳಗಿನ ಚಿತ್ರಗಳಲ್ಲಿ ನಿಮ್ಮ ರೊಟ್ಟಿ ಬಡಿದುಕೊಳ್ಳಿ ಎಂದು ರಾಜಿಯಾಯಿತು.

ಅಲ್ಲಿಂದ ನಾನು ಯಾವ ಕೆಟ್ಟ ಕುಲವನ್ನು ಬರೆದರೂ ಮೊದಲು ಅವರ ಒಲೆ ಬರೆದೆ. ಏನು ಬೇಯುತ್ತದೆ, ಯಾರು ಮೊದಲು ಉಣ್ಣುತ್ತಾರೆ, ಮಗು ಅತ್ತರೆ ಯಾರು ಎತ್ತಿಕೊಳ್ಳುತ್ತಾರೆ. ಅವರು ಕೆಟ್ಟ ಕೆಲಸ ಮಾಡಲಿ, ಬೇಡ ಎನ್ನುವುದಿಲ್ಲ. ಆದರೆ ಅದಕ್ಕೊಂದು ಕಾರಣ ಬೇಕು, ಅವರಲ್ಲೇ ಒಬ್ಬರಾದರೂ ಅದು ಬೇಡವೆಂದು ಜಗಳ ತೆಗೆಯಬೇಕು. ಹುಟ್ಟಾ ಕೆಟ್ಟ ಜನ ಎಂದು ಬರೆಯುವುದು ಮೈಗಳ್ಳರ ಕೆಲಸ. ದಸ್ತಗೀರನೂ ಹಾಗೇ ಬರೆದ. ಅವನ ರಾಕ್ಷಸರು ಮಗುವಿಗೆ ತುತ್ತಿಡುತ್ತಿದ್ದರು, ಮುದುಕಿಯ ಕೈ ಹಿಡಿದು ಹಳ್ಳ ದಾಟಿಸುತ್ತಿದ್ದರು. ಅಥಣಿಯಲ್ಲಿ ಮೌಲಾಚಾಚಾ ಒಂದೊಂದು ಚಿತ್ರವನ್ನೂ ಬಂದವರಿಗೆ ತೋರಿಸಿ, "ನನ್ನ ಮಗನ ರಾಜ್ಯಾದಾಗ ಯಾರೂ ಉಪಾಸ ಮಲಗೂದಿಲ್ಲ" ಎನ್ನುತ್ತಿದ್ದರಂತೆ.

ವರ್ಷಗಳು ಹೋದವು. ಅಣ್ಣಾಸಾಹೇಬರು ಮೊಣಕಾಲು ಹಿಡಿದುಕೊಂಡು ಮನೆ ಸೇರಿದರು. ರಾಜಕುಮಾರ ಸತೀಶ ಪುಣೆಯಲ್ಲಿ ಕಲಿತು, ಜಿಮ್ಮಿನಲ್ಲಿ ಮೈ ಬೆಳೆಸಿಕೊಂಡು ಬಂದು ಸಣ್ಣ ಮಾಲಕರಾದರು. ಅವರಿಗೆ ನಮ್ಮ ರೀತಿ ಸೇರಲಿಲ್ಲ. ಕೆಟ್ಟವರು ಎಂದ ಕೂಡಲೇ ಮಂದಿಗೆ ಗೊತ್ತಾಗಬೇಕು, ಒಲೆಗಿಲೆ ನೋಡುತ್ತ ಕೂರಲು ಯಾರಿಗೂ ಪುರಸೊತ್ತಿಲ್ಲ ಎಂದರು. ಚಿತ್ರ ತೆಗೆಯುವ ಕಂಪ್ಯೂಟರಿಗೆ "ಕ್ರೂರ ಜನಾಂಗ" ಎಂದು ಹೇಳಿದರಂತೆ. ಅದು ಗಳಿಗೆಯಲ್ಲಿ ಒಂದು ಚಿತ್ರ ತೆಗೆದುಕೊಟ್ಟಿತಂತೆ. ಅದನ್ನು ಮೇಜಿನ ಮೇಲೆ ಹರಡಿ ನನ್ನನ್ನೂ ದಸ್ತಗೀರನನ್ನೂ ಕರೆದರು.

ಮರುಭೂಮಿ. ಕುದುರೆ. ಉದ್ದ ದಾಡಿ. ತಲೆಯ ಮೇಲೆ ದುಂಡು ಟೊಪ್ಪಿಗೆ. ಕೈಯಲ್ಲಿ ಬಾಗಿದ ಕತ್ತಿ, ಆ ಕೈಗೆ ಆರು ಬೆರಳು.

"ಬೆರಳ ಅಷ್ಟ ಲಫಡಾ ಆಗ್ಯಾವು," ಎಂದರು ಸಣ್ಣ ಮಾಲಕರು. "ದಸ್ತಗೀರಮಾಮಾ, ನೀವ ಕೈಲೇ ಬರೀರಿ. ಮಾರಿ ಮಾತ್ರ ನಿಮ್ಮದ ಇರ್ಲಿ. ಮಂದಿಗಿ ನಮ್ಮ ರಾಕ್ಷಸನ ಮಾರಿ ಅಂದ್ರ ಅದ. ಟೊಪ್ಪಿಗಿ, ದಾಡಿ ಹಾಕಿಬಿಟ್ರ ಮುಗೀತು."

ಬೆರಳು ಬಿಟ್ಟು ಅವರಿಗೆ ಬೇರೇನೂ ತಪ್ಪು ಕಾಣಿಸಲಿಲ್ಲ. ದಸ್ತಗೀರ ಹೊರಗೆ ಬಂದು ನಲ್ಲಿಯ ಕೆಳಗೆ ಬ್ರಷ್ ತೊಳೆಯುತ್ತ ನಿಂತ. ಬ್ರಷ್ ಆಗಲೇ ಸ್ವಚ್ಛವಿತ್ತು.

"ಬಾಯಾರ," ಎಂದ, "ಇಷ್ಟ ದಿನಾ ಮಾರಿ ಕೇಳಿದ್ರು, ಕೊಟ್ಟೆ. ಕೋಡ ಹಚ್ಚಿದ್ರು, ಬಾಲಾ ಹಚ್ಚಿದ್ರು, ನಕ್ಕೆ. ಈಗ ನನ್ನ ಟೊಪ್ಪಿಗಿ ಕೇಳಾಕತ್ತಾರ. ಅದು ನಂದೊಬ್ಬನದಲ್ರಿ. ಅಪ್ಪಂದೈತಿ, ಓಣಿಯವರದೈತಿ. ಇಷ್ಟ ವರ್ಷ ಓಣಿ ಮಂದಿ ನನ್ನ ಸಲುವಾಗಿ ಸುಳ್ಳ ಹೇಳ್ಯಾರ. ಇನ್ನ ಯಾವ ಮಾರಿ ಹೊತಗೊಂಡ ಆ ಓಣಿಗಿ ಹೋಗ್ಲಿ?"

"ಒಲ್ಲೆ ಅನ್ನು."

"ಒಲ್ಲೆ ಅಂದ್ರ ಮನೀಗಿ ಕಳಸ್ತಾರ. ಈ ವಯಸ್ಸಿನಾಗ ಮತ್ತ ಲಾರಿ ಹಿಂದ ಹೂವಾ ಬರೀಲೇನು?"

ಅವನ ಮುಖ ತಿಂದು ಬೆಳೆದ ಪ್ರೆಸ್ಸು ಅದು. ನೇರ ಸಣ್ಣ ಮಾಲಕರ ಕೋಣೆಗೆ ಹೋದೆ. ಜಗಳ ಮಾಡಬೇಕೆಂದೇ ಹೋದವಳು, ಬಾಗಿಲಲ್ಲಿ ನಿಂತಾಗ ಭೀಮಪ್ಪನ ಭಜಿ, ಅವನನ್ನು ಎಳೆದುಕೊಂಡು ಹೋದ ಹೆಂಡತಿ ನೆನಪಾದರು. ದನಿ ತಗ್ಗಿಸಿದೆ. ನನ್ನ ದನಿ ತಗ್ಗಿದರೆ ಹೆದರಬೇಕು ಎಂದು ಆ ಹುಡುಗನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಸಣ್ಣ ಮಾಲಕರ, ದಸ್ತಗೀರನ ಕಾಯದೆ ನಿಮಗ ಗೊತ್ತೈತಿ. ಎದುರಿಗಿ ಯಾರರೆ ಕುಂತ ಹೊರತು ಮಾರಿ ತಗ್ಯಾಂಗಿಲ್ಲ. ಈ ಸಲಾ ಅಂವಾ ತಾ ಕೂಡೂದಿಲ್ಲಂತ."

"ಮತ್ತ ಯಾರ ಕೂಡ್ತಾರ?"

"ಅದ ಯೋಚನಿ ಮಾಡಾಕತ್ತೀನ್ರಿ. ಈ ಕುಲದ ಸರದಾರ ಎತ್ತರ ಇರಬೇಕು, ಭುಜಾ ಅಗಲ ಇರಬೇಕು, ನೋಡಿದ್ರ ಕಣ್ಣ ಕೀಳಬಾರದು. ನಿಪ್ಪಾಣ್ಯಾಗ ಅಂಥಾ ಗಂಡಸ ಎಲ್ಲಿ ಸಿಗತಾನ್ರಿ?"

ಸಣ್ಣ ಮಾಲಕರು ಮೊಬೈಲಿನ ಗಾಜಿನಲ್ಲಿ ತಮ್ಮನ್ನು ನೋಡಿಕೊಂಡರು. ಚಿಕ್ಕೋಡಿಯಿಂದ ನಾಟಕದವರ ದಾಡಿ, ಟೊಪ್ಪಿಗೆ ಬಾಡಿಗೆಗೆ ತರಿಸಿದೆ. ಅವರು ಕೂತರು. ದಸ್ತಗೀರ ಕಾಯದೆಯಂತೆ ಮೊದಲು ಕೇಳಿದ, "ಕೂಡ್ತೀರಿ ಹೌದಲ್ರಿ ಸಣ್ಣ ಮಾಲಕರ? ಆಮ್ಯಾಲ ಬ್ಯಾಡ ಅನಬಾರದು." ಚಹಾ ಕೊಟ್ಟ, ಬರೆದ. ಒಂದು ಗೆರೆಯಲ್ಲೂ ಮೋಸ ಮಾಡಲಿಲ್ಲ. ಮುಖ ಸತೀಶರದೇ, ಕತ್ತಿಯಿಂದ ರಕ್ತ ತೊಟ್ಟಿಕ್ಕುತ್ತಿತ್ತು, ಕಾಲ ಕೆಳಗೆ ಸುಟ್ಟ ಊರಿತ್ತು. ಬೆರಳು ಐದೇ. ಸಣ್ಣ ಮಾಲಕರು ನೋಡಿ ಮೀಸೆ ತಿರುವಿದರು. ಮಾದರಿ ಡಬ್ಬಿಯೊಂದನ್ನು ಮಾಡಿಸಿ, ತಾವೇ ಮನೆಗೆ ಒಯ್ದರು.

ಮರುದಿನ ಬೆಳಿಗ್ಗೆ ರಿಕ್ಷಾ ಬಂದು ನಿಂತಿತು. ಅಣ್ಣಾಸಾಹೇಬರು ಕೋಲೂರಿಕೊಂಡು, ಮೊಣಕಾಲನ್ನು ಬೈದುಕೊಂಡು ಇಳಿದರು. ಕಂಕುಳಲ್ಲಿ ಡಬ್ಬಿ. ಹಿಂದೆ ಸಣ್ಣ ಮಾಲಕರು ತಲೆ ತಗ್ಗಿಸಿಕೊಂಡು ಬಂದರು. ಮೆಷಿನ್ನು ನಿಲ್ಲಿಸಿ ಎಲ್ಲರೂ ಹೊರಗೆ ಬಂದೆವು.

"ಏ ದಸ್ತಗೀರ! ಏನ ಮಾಡಿದ್ಯೋ ಇದು? ನನ್ನ ಮಗನ್ನ ರಾಕ್ಷಸ ಮಾಡಿದಿ? ಊರ ಸುಡಾಕ ಹಚ್ಚಿದಿ? ಇದು ಮನಿಮನೀಗಿ ಹೋಗೂದು. ನಾಳೆ ಮಂದಿ ನನ್ನ ಮಾರಿಗಿ ಏನಂತಾರ? ನಾ ಅವನ ಅಪ್ಪಾ ಅದೀನೋ!"

ದಸ್ತಗೀರ ಕೈ ಒರೆಸಿಕೊಂಡು ಮುಂದೆ ಬಂದ. ದನಿ ಏರಿಸಲಿಲ್ಲ.

"ಮಾಲಕರ, 'ನನ್ನ ಮಗನ್ನ ರಾಕ್ಷಸ ಯಾಕ ಮಾಡಿದ್ರಿ' ಅಂತ ನಮ್ಮಪ್ಪನೂ ಬಂದು ನಿಮ್ಮನ್ನ ಕೇಳತಿದ್ದಾರಿ, ಗೊತ್ತಿದ್ದಿದ್ರ. ಅವಗ ಇನ್ನೂ ಗೊತ್ತಿಲ್ಲ."

ಮಾಲಕರು ಕೋಲೂರಿಕೊಂಡು ಪ್ರೆಸ್ಸಿನೊಳಗೆ ಬಂದರು. ಗೋಡೆಯ ತುಂಬ ಹಳೆಯ ಮುಚ್ಚಳಗಳು ಅಂಟಿದ್ದವು. ಅವರು ಒಂದೊಂದನ್ನೇ ನೋಡಿದರು. ಪ್ರತಿಯೊಂದರಲ್ಲೂ ಅದೇ ಅಗಲ ಮೂಗು, ಅದೇ ಸೀಳಿದ ಹುಬ್ಬು. ದಿನಾ ಕಂಡದ್ದೇ, ಆ ದಿನ ಮೊದಲ ಸಲ ಕಂಡವರ ಹಾಗೆ ನೋಡಿದರು.

"ಏನಂತ ತಿಳಕೊಂಡಾನ ನಿಮ್ಮಪ್ಪಾ?" ಎಂದು ಮೆಲ್ಲಗೆ ಕೇಳಿದರು.

"ರಾಜಾ ಅಂತ್ರಿ."

ಮಾಲಕರು ಸ್ಟೂಲಿನ ಮೇಲೆ ಕೂತುಬಿಟ್ಟರು. ಬಹಳ ಹೊತ್ತು ಮೊಣಕಾಲು ತಿಕ್ಕಿಕೊಂಡರು. ಆಮೇಲೆ ಡಬ್ಬಿಯನ್ನು ಹರಿದು ರದ್ದಿಗೆ ಹಾಕಿ, "ಟೊಪ್ಪಿಗಿ ಬ್ಯಾಡ, ಗಿಪ್ಪಿಗಿ ಬ್ಯಾಡ. ಸತೀಶಾ, ಮುಂದಿನ ಡಬ್ಬಿ ಮ್ಯಾಲ ದಸ್ತಗೀರನ್ನ ರಾಜಾ ಮಾಡ. ಖರೇ ರಾಜಾ," ಎಂದರು. ಸಣ್ಣ ಮಾಲಕರು ಹೂಂ ಎಂದರು. ಅಂದು ಆದ ಕಾಯದೆ ಈಗಲೂ ಇದೆ. ಕೆಟ್ಟ ಕುಲ ಬೇಕೆಂದು ಯಾರು ಹೇಳುತ್ತಾರೋ ಅವರೇ ಅದರ ಮುಖಕ್ಕೆ ಕೂರಬೇಕು. ರಾಯಬಾಗದ ಹುಡುಗಿಗೆ ಇದನ್ನು ಬಿಡಿಸಿ ಹೇಳಿದ್ದೇನೆ. ಈ ಕಾಯದೆ ಬಂದ ಮೇಲೆ ಸಣ್ಣ ಮಾಲಕರಿಗೆ ಹೊಸ ಕೆಟ್ಟ ಜನಾಂಗಗಳು ಅಷ್ಟಾಗಿ ಹೊಳೆಯುತ್ತಿಲ್ಲ.

ದಸ್ತಗೀರ ತಾನೇ ರಾಜನಾಗಿ ಕನ್ನಡಿಯ ಮುಂದೆ ಕೂತ. ಒದ್ದಾಡಿದ. ಎದೆ ಸೆಟೆದು, ಗದ್ದ ಎತ್ತಿ, ದೂರ ಎಲ್ಲೋ ನೋಡುತ್ತ ನಮ್ಮ ವೀರರು ನಿಲ್ಲುವ ಗತ್ತನ್ನೇ ತಂದುಕೊಂಡ. ಚಿತ್ರ ಚೆನ್ನಾಗಿಯೇ ಬಂತು. ಹುಬ್ಬಿನ ಸೀಳನ್ನೂ ಮುಚ್ಚಿದ್ದ. ಡಬ್ಬಿ ತಯಾರಾದ ರವಿವಾರ ನನ್ನನ್ನೂ ಅಥಣಿಗೆ ಕರೆದುಕೊಂಡು ಹೋದ.

ಮೌಲಾಚಾಚಾ ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಕಣ್ಣು ಇನ್ನೂ ಚುರುಕು. ಕಪಾಟಿನಲ್ಲಿ ನನ್ನ ಕೆಟ್ಟ ಕುಲಗಳೆಲ್ಲ ಧೂಳು ಒರೆಸಿಕೊಂಡು ಸಾಲಾಗಿ ಕೂತಿದ್ದವು. ದಸ್ತಗೀರ ಹೊಸ ಡಬ್ಬಿಯನ್ನು ಎರಡೂ ಕೈಯಿಂದ ಅಪ್ಪನ ತೊಡೆಯ ಮೇಲಿಟ್ಟ. ಕಿರೀಟ, ಸಿಂಹಾಸನ, ರಾಜಗಾಂಭೀರ್ಯ, ಯಾವುದಕ್ಕೂ ಕೊರತೆಯಿಲ್ಲ.

ಚಾಚಾ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಹತ್ತಿರ ತಂದು ನೋಡಿದರು. ಮಗನ ಮುಖ ನೋಡಿದರು.

"ಇಂವಾ ಯಾರೋ ಬೇಟಾ?"

"ನಾನ ಅಬ್ಬಾ. ರಾಜಾ."

"ನೀ ಅಲ್ಲ ಇಂವಾ." ಅವರು ಕಪಾಟಿನತ್ತ ಕೈ ಮಾಡಿದರು. "ಅವ್ರ ನೋಡು, ಕೂಸಿಗಿ ಉಣಸಾಕತ್ತಾರ, ಮುದುಕಿ ಕೈ ಹಿಡದಾರ, ನಗ್ತಾರ. ಅವ್ರು ರಾಜಾ ಅಂದ್ರ. ಇಂವಾ ಯಾರನ್ನೂ ನೋಡಾಕ ತಯಾರ ಇಲ್ಲ. ಇಂವಾ ರಾಕ್ಷಸ ಇರಬೇಕು."

ದಸ್ತಗೀರ ನನ್ನ ಕಡೆ ನೋಡಿದ. ಅವನ ಕಣ್ಣು ತುಂಬಿತ್ತು, ಆದರೆ ಎಂದಿನಂತೆ ನಗುವೂ ಬರುತ್ತಿತ್ತು. ನನಗೆ ಬಾಯಿಗೆ ಸೆರಗು ಹಿಡಿಯಬೇಕಾಯಿತು. ಚಾಚಾ ಹೊಸ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ಬಾಯಾರ, ಇದನ್ನ ಆ ಹಿಟ್ಟಿನ ಡಬ್ಬಿ ಹಿಂದ ಇಡ್ರಿ," ಎಂದರು. ಇಟ್ಟು ಬಂದೆ.